ಅಭಿಮಾನ ಬೇರೆ, ಮೆಚ್ಚುಗೆ ಬೇರೆ

2005ರ ನವೆಂಬರ್ 19ರ ರಾತ್ರಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ನಡೆದ ಒಂದು ಪ್ರಸಂಗವನ್ನು ಫುಟ್ಬಾಲ್ ಪ್ರಿಯರು ಮತ್ತೆ ಮತ್ತೆ ನೆನೆಯುತ್ತಾರೆ. ರಿಯಲ್ ಮ್ಯಾಡ್ರಿಡ್ ತಂಡದ ತವರು ಮೈದಾನಕ್ಕೆ ಅದರ ಬದ್ಧ ಎದುರಾಳಿ ಬಾರ್ಸಿಲೋನಾ ಬಂದಿತ್ತು. ಬಾರ್ಸಿಲೋನಾದ ಪರ ಆಡುತ್ತಿದ್ದ ಬ್ರೆಜಿಲಿನ ರೊನಾಲ್ಡಿನೊ ಎಡಬದಿಯಿಂದ ಚೆಂಡನ್ನು ನಡೆಸಿಕೊಂಡು ಬಂದು ಎರಡು ಗೋಲು ಹೊಡೆದ. ಬಾರ್ಸಿಲೋನಾ 3-0ರಿಂದ ಗೆದ್ದಿತು. ಆತನ ಎರಡನೆಯ ಗೋಲಿನ ಬಳಿಕ ಸೋಲುತ್ತಿದ್ದ ಮ್ಯಾಡ್ರಿಡ್ ತಂಡದ ಸ್ವಂತ ಅಭಿಮಾನಿಗಳಲ್ಲೇ ಹಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಎರಡು ತಂಡಗಳ ನಡುವಿನ ಹಗೆ ಬರಿಯ ಆಟದ್ದಲ್ಲ. ಫ್ರಾಂಕೋನ ಸರ್ವಾಧಿಕಾರದ ಕಾಲದಲ್ಲಿ ಕತಲಾನ್ ಭಾಷೆಯನ್ನು ಕಚೇರಿ, ಶಾಲೆಗಳಿಂದ ಹೊರದೂಡಲಾಗಿತ್ತು. ಆಗ ಬಾರ್ಸಿಲೋನಾ ತಂಡ ಆ ಜನರ ಸ್ವಾಭಿಮಾನದ ಗುರುತಾಯಿತು. ರಿಯಲ್ ಮ್ಯಾಡ್ರಿಡ್ ಅವರ ಕಣ್ಣಿಗೆ ಆಳುವವರ ತಂಡವಾಗಿ ಕಂಡಿತು. ಅಂಥ ಇತಿಹಾಸವಿದ್ದೂ ಆ ಚಪ್ಪಾಳೆ ಬಿತ್ತಲ್ಲ, ಅದಕ್ಕೇ ಅದು ದೊಡ್ಡದು. ಆದರೆ ಇದೇ ಹಗೆಯ ಇನ್ನೊಂದು ಮುಖವೂ ಇದೆ. ಪೋರ್ಚುಗಲ್ಲಿನ ಲೂಯಿಸ್ ಫಿಗೊ ಬಾರ್ಸಿಲೋನಾದ ಕಣ್ಮಣಿಯಾಗಿದ್ದ. 2000ದಲ್ಲಿ ಆತ ರಿಯಲ್ ಮ್ಯಾಡ್ರಿಡ್ ಸೇರಿದ. 2002ರ ನವೆಂಬರಿನಲ್ಲಿ ಬಾರ್ಸಿಲೋನಾದ ಮೈದಾನಕ್ಕೆ ಆಡಲು ಬಂದಾಗ ಆತನತ್ತ ಬಾಟಲಿಗಳು ತೂರಿ ಬಂದವು. ಹಂದಿಯ ತಲೆಯೊಂದೂ ಬಂದು ಬಿತ್ತು. ಆತನ ಕಾಲು ಅದೇ, ಆಟ ಅದೇ. ಬದಲಾಗಿದ್ದು ಅಂಗಿಯ ಬಣ್ಣ ಮಾತ್ರ. ಹಾಗಾದರೆ ಬಾರ್ಸಿಲೋನಾದ ಜನ ಅಷ್ಟು ವರ್ಷ ಪ್ರೀತಿಸಿದ್ದು ಯಾರನ್ನು?

ಕನ್ನಡದಲ್ಲಿ ನಾವು 'ಅಭಿಮಾನ' ಮತ್ತು 'ಮೆಚ್ಚುಗೆ' ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಅವೆರಡೂ ಒಂದೇ ಅಲ್ಲ. ಅಭಿಮಾನ ನಮ್ಮದನ್ನು ಕುರಿತದ್ದು. ಮೆಚ್ಚುಗೆ ಒಳ್ಳೆಯದನ್ನು ಕುರಿತದ್ದು, ಅದು ಯಾರ ಬಳಿ ಇದ್ದರೂ ಸರಿ. ನಮ್ಮ ಅಂಗಿ ತೊಟ್ಟವನನ್ನು ಹೊಗಳಲು ಅಭಿಮಾನ ಸಾಕು. ನಮಗೆ ಸೋಲುಣಿಸುತ್ತಿರುವವನನ್ನು, ಅವನು ಸೋಲುಣಿಸುತ್ತಿರುವ ಆ ಕ್ಷಣದಲ್ಲೇ, ಚೆನ್ನಾಗಿ ಆಡಿದ ಎನ್ನಲು ಮೆಚ್ಚುಗೆ ಬೇಕು. ಇದನ್ನು ಪರಿಶೀಲಿಸಲು ಮ್ಯಾಡ್ರಿಡ್‌ವರೆಗೆ ಹೋಗಬೇಕಾಗಿಲ್ಲ. ನಮ್ಮದೇ ದೇಶದ ಕೊಲ್ಕತ್ತಾದ ಮೈದಾನವೇ ಇದಕ್ಕೆ ತಕ್ಕ ಜಾಗ. ಯಾಕೆಂದರೆ ಅಲ್ಲಿ ಮೂರು ತಂಡಗಳು ಮೂರು ಜನಸಮುದಾಯಗಳ ಹೆಸರಿನಲ್ಲಿ ನಿಂತಿವೆ. 1889ರಲ್ಲಿ ಹುಟ್ಟಿದ ಮೋಹನ್ ಬಗಾನ್ ಪಶ್ಚಿಮ ಬಂಗಾಳದ ಮೂಲ ನಿವಾಸಿ 'ಘಟಿ'ಗಳದ್ದು. 1891ರಲ್ಲಿ ಹುಟ್ಟಿದ ಮೊಹಮ್ಮಡನ್ ಸ್ಪೋರ್ಟಿಂಗ್ ಮುಸ್ಲಿಮರದ್ದು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಪೂರ್ವ ಬಂಗಾಳದಿಂದ ಬಂದ 'ಬಾಂಗಾಲ್'ಗಳದ್ದು. ದೇಶ ವಿಭಜನೆಯ ನಂತರ ಅದು ಲಕ್ಷಾಂತರ ನಿರಾಶ್ರಿತರ ತಂಡವಾಯಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದ ದಿನ ಸಿಗಡಿ ಎಂದು ಅಡುಗೆಮನೆಯೂ ಅಲ್ಲಿ ಹಂಚಿಹೋಗಿದೆ.

ಈ ಮೈದಾನದ ಇತಿಹಾಸದ ಆರಂಭದಲ್ಲಿ ಒಂದು ಸುಂದರವಾದ ಸಂಗತಿಯಿದೆ. 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಐಎಫ್ಎ ಶೀಲ್ಡ್ ಫೈನಲಿನಲ್ಲಿ ಬ್ರಿಟಿಷರ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಒಬ್ಬರನ್ನು ಬಿಟ್ಟು ಉಳಿದ ಹತ್ತು ಮಂದಿ ಬರಿಗಾಲಲ್ಲಿ ಆಡಿದ್ದರು. ಬಂಗಾಳ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲವದು. ವಿಭಜನೆಯ ವಿಷಯದಲ್ಲಿ ಹಿಂದೂ-ಮುಸ್ಲಿಂ ಮುಖಂಡರು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದರು. ಆದರೂ ಹಿಂದೂ ಸೋದರರ ಈ ಗೆಲುವಿಗೆ ಮುಸ್ಲಿಂ ಕ್ಲಬ್ಬಿನವರು ಹುಚ್ಚೆದ್ದು ಸಂಭ್ರಮಿಸಿದರೆಂದು ಅಂದಿನ ಮುಸ್ಲಿಂ ಪತ್ರಿಕೆ ವರದಿ ಮಾಡಿತ್ತು. ಎದುರಿಗೆ ಬಿಳಿಯರಿದ್ದುದರಿಂದ ಇದು ಸುಲಭವಾಯಿತು ಎನ್ನಬಹುದು, ಅದೂ ನಿಜವೇ. ಆದರೆ ಅಷ್ಟು ಸುಲಭದ ಕೆಲಸವನ್ನೂ ಮುಂದಿನ ದಿನಗಳಲ್ಲಿ ನಾವು ಮಾಡಲಾರದೆ ಹೋದೆವು.

1934ರಿಂದ 1938ರವರೆಗೆ ಮೊಹಮ್ಮಡನ್ ಸ್ಪೋರ್ಟಿಂಗ್ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದಿತು. ಅದಕ್ಕೆ ಮೊದಲು ಯಾವ ಭಾರತೀಯ ತಂಡವೂ ಆ ಲೀಗನ್ನು ಒಮ್ಮೆಯೂ ಗೆದ್ದಿರಲಿಲ್ಲ. ಮಿಲಿಟರಿ ತಂಡಗಳ ದರ್ಪ ಮುರಿದ ಈ ಸಾಧನೆ 1911ಕ್ಕಿಂತ ಕಡಿಮೆಯದೇನಲ್ಲ. ಇದಕ್ಕೆ ಕಾರಣಗಳು ಕಣ್ಣೆದುರೇ ಇದ್ದವು. ಕ್ಲಬ್ಬಿನ ಆಡಳಿತಗಾರರು ದೇಶದ ನಾನಾ ಕಡೆಗಳಿಂದ, ನಮ್ಮ ಬೆಂಗಳೂರಿನಿಂದಲೂ, ಆಟಗಾರರನ್ನು ಹುಡುಕಿ ತಂದರು. ಮಳೆಗಾಲದ ಕೆಸರಿನಲ್ಲಿ ಬರಿಗಾಲಿನ ತಂಡಗಳು ಜಾರಿ ಬೀಳುತ್ತಿದ್ದಾಗ ತಮ್ಮವರಿಗೆ ಹಗುರವಾದ ಬೂಟು ತೊಡಿಸಿ ಅಭ್ಯಾಸ ಮಾಡಿಸಿದರು. ಆದರೆ ಅಂದಿನ ಕೋಮು ರಾಜಕಾರಣದ ಗಾಳಿಯಲ್ಲಿ ಈ ಗೆಲುವು ಬರಬರುತ್ತ 'ಮುಸ್ಲಿಮರ ಗೆಲುವು' ಆಗಿಹೋಯಿತು. ಇದನ್ನು ಹಾಗೆಂದು ಮೆರೆಸಿದವರೂ ಇದ್ದರು, ಹಾಗೆಂದು ಹಳಿದವರೂ ಇದ್ದರು. ಇಬ್ಬರೂ ಆಟಗಾರನ ತಲೆಯ ಮೇಲಿನ ಟೋಪಿಯನ್ನು ನೋಡಿದರೇ ಹೊರತು ಕಾಲಿನ ಬೂಟನ್ನು ನೋಡಲಿಲ್ಲ. ಮೆಚ್ಚುಗೆಯಿಲ್ಲದ ಕಡೆ ಅಭಿಮಾನವೂ ದ್ವೇಷವೂ ಒಂದೇ ಬಗೆಯ ಕುರುಡನ್ನು ತರುತ್ತವೆ.

ಇದೇ ಕಾಲದಲ್ಲಿ ನಡೆದ ಇನ್ನೊಂದು ಘಟನೆಯನ್ನು ನಾವು ಕರ್ನಾಟಕದವರು ಮರೆತಿದ್ದೇವೆ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಫೈನಲಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0ರಿಂದ ಸೋಲಿಸಿದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೂ ಅದೇ. ಮರುವರ್ಷವೂ ಅದೇ ಗೆದ್ದಿತು. 1940ರ ಫೈನಲಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಬೆಂಗಳೂರಿನವರಿಗೆ ಸೋಲಿನ ಲೆಕ್ಕ ತೀರಿಸಿತು. ಎರಡೂ ಕಡೆ ಮುಸ್ಲಿಂ ತಂಡಗಳೇ ಇದ್ದಾಗ ಕೋಮಿನ ಅಭಿಮಾನಕ್ಕೆ ಏನು ಕೆಲಸ? ಅಂದು ಅಂಗಳದಲ್ಲಿ ಉಳಿದದ್ದು ಆಟವೊಂದೇ ಇರಬೇಕು.

ಅದೇ ಬೆಂಗಳೂರು ಮುಸ್ಲಿಮ್ಸ್ ತಂಡದಿಂದ 1949ರಲ್ಲಿ ಅಹ್ಮದ್ ಖಾನ್ ಎಂಬ ಯುವಕ ಕಲ್ಕತ್ತಾಕ್ಕೆ ಹೋದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಬಂದಿದ್ದ ಅವರು ಸೇರಿದ್ದು ಮೊಹಮ್ಮಡನ್ ಸ್ಪೋರ್ಟಿಂಗನ್ನಲ್ಲ, ಈಸ್ಟ್ ಬೆಂಗಾಲನ್ನು. ಆ ತಂಡದ ಗ್ಯಾಲರಿಯಲ್ಲಿ ಆಗ ಯಾರಿದ್ದರೆಂದು ಒಮ್ಮೆ ಯೋಚಿಸಿ. ಪೂರ್ವ ಪಾಕಿಸ್ತಾನವಾಗಿಬಿಟ್ಟ ತಮ್ಮ ಊರು, ಹೊಲ, ಮನೆಗಳನ್ನು ಬಿಟ್ಟು ಬಂದ ಹಿಂದೂ ನಿರಾಶ್ರಿತರಿದ್ದರು. ಅವರ ಮುಂದೆ ಈಸ್ಟ್ ಬೆಂಗಾಲಿನ ಮುನ್ಪಡೆಯಲ್ಲಿ ಆಡಿದ ಐವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆಹ್ ಮತ್ತು ಅಹ್ಮದ್ ಖಾನ್. ಐವರೂ ದಕ್ಷಿಣ ಭಾರತದವರು, ಒಬ್ಬರೂ ಬಂಗಾಳಿಯಲ್ಲ. ಸಾಲೆಹ್ ಕೇರಳದವರು. ಈ ಐವರನ್ನು ಜನ ಕರೆದದ್ದು 'ಪಂಚಪಾಂಡವ'ರೆಂದು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್ಎ ಶೀಲ್ಡ್ ಈಸ್ಟ್ ಬೆಂಗಾಲಿಗೆ ಬಂತು. ಇಬ್ಬರು ಮುಸ್ಲಿಮರು ಪಾಂಡವರಾದ ಆ ಹೆಸರು ಇಂದಿಗೂ ಅಲ್ಲಿ ಉಳಿದಿದೆ. ಸುಮಾರು ಹತ್ತು ವರ್ಷ ಅಲ್ಲಿ ಆಡಿದ ಅಹ್ಮದ್ ಖಾನ್ 2017ರಲ್ಲಿ ತಮ್ಮ ಹುಟ್ಟೂರು ಬೆಂಗಳೂರಿನಲ್ಲಿ ತೀರಿಕೊಂಡಾಗ ಇಲ್ಲಿನವರಿಗಿಂತ ಹೆಚ್ಚಾಗಿ ಅವರನ್ನು ನೆನೆದದ್ದು ಕೊಲ್ಕತ್ತಾ.

ಇದು ಮನಸ್ಸು ತುಂಬುವ ಕಥೆ, ಸಂಶಯವಿಲ್ಲ. ಆದರೂ ನಾವು ಇಲ್ಲಿ ನಿಂತುಬಿಡಬಾರದು. ಅಹ್ಮದ್ ಖಾನ್ ಅವರನ್ನು ಪಾಂಡವರಲ್ಲಿ ಒಬ್ಬರನ್ನಾಗಿ ಮಾಡಿದವರು ಅವರ ತಂಡದವರೇ. ಅವರು ಗೋಲು ಹೊಡೆಯುತ್ತಿದ್ದುದು ತಮ್ಮ ಪರವಾಗಿ. ನಮಗೆ ಗೆಲುವು ತಂದುಕೊಡುವ ಅನ್ಯನನ್ನು ನಮ್ಮವನೆನ್ನುವುದು ಒಳ್ಳೆಯದೇ, ಆದರೆ ಅದರಲ್ಲಿ ನಮ್ಮ ಲಾಭವೂ ಇದೆ. ನಿಜವಾದ ಪರೀಕ್ಷೆ ಇರುವುದು ಅವನು ಎದುರು ತಂಡದಲ್ಲಿ ನಿಂತಾಗ. ಈ ಪರೀಕ್ಷೆಗೆ ಕೊಲ್ಕತ್ತಾವನ್ನು ಮತ್ತೆ ಮತ್ತೆ ಒಡ್ಡಿದವರು ಹೈದರಾಬಾದಿನ ಮುಹಮ್ಮದ್ ಹಬೀಬ್.

1949ರಲ್ಲಿ ಹುಟ್ಟಿದ ಹಬೀಬ್ 1966ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಂದ ಮೋಹನ್ ಬಗಾನಿಗೆ, ಮತ್ತೆ ಈಸ್ಟ್ ಬೆಂಗಾಲಿಗೆ, 1975ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗಿಗೆ, 1976ರಲ್ಲಿ ಪುನಃ ಮೋಹನ್ ಬಗಾನಿಗೆ ಹೀಗೆ ಮೂರೂ ಡೇರೆಗಳ ನಡುವೆ ಓಡಾಡಿದರು. ಆಟಗಾರರು ತಂಡ ಬದಲಿಸುವ ದಿನಗಳು ಬಂದರೆ ಅವರನ್ನು ಗುಟ್ಟಾಗಿ ಬಚ್ಚಿಡುವಷ್ಟು ಬಿಸಿ ಏರುತ್ತಿದ್ದ ಮೈದಾನವದು. ಇತರ ಆಟಗಾರರು ಬ್ಯಾಂಕು, ರೈಲ್ವೆಗಳ ನೌಕರಿಯನ್ನು ಭದ್ರಮಾಡಿಕೊಂಡು ಆಡುತ್ತಿದ್ದಾಗ ಹಬೀಬ್ ನೌಕರಿ ಬೇಡವೆಂದು ಆಟವನ್ನೇ ಕಸುಬಾಗಿಸಿಕೊಂಡರು. ಎತ್ತರದ ಆಳಲ್ಲ, ಆದರೆ ಒಂದು ಚೆಂಡನ್ನೂ ಹೋಗಲಿ ಎಂದು ಬಿಟ್ಟವರಲ್ಲ. ಕೊಲ್ಕತ್ತಾ ಅವರನ್ನು 'ಬಡೇ ಮಿಯಾ' ಎಂದಿತು, ಅವರ ತಮ್ಮ ಅಕ್ಬರ್ ಅವರನ್ನು 'ಛೋಟೆ ಮಿಯಾ' ಎಂದಿತು.

1975ರ ಸೆಪ್ಟೆಂಬರ್ 30ರಂದು ಐಎಫ್ಎ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನನ್ನು 5-0ರಿಂದ ಸೋಲಿಸಿತು. ಆ ಅವಮಾನ ತಾಳಲಾರದೆ ಮೋಹನ್ ಬಗಾನಿನ ಯುವ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. ಅಭಿಮಾನ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಮರುವರ್ಷ ಹಬೀಬ್ ಮತ್ತು ಅಕ್ಬರ್ ಮೋಹನ್ ಬಗಾನಿಗೆ ಬಂದರು. 1976ರ ಲೀಗಿನಲ್ಲಿ ಈಸ್ಟ್ ಬೆಂಗಾಲಿನ ಎದುರು ಆಟ ಶುರುವಾಗಿ 17 ಸೆಕೆಂಡಿನಲ್ಲಿ ಅಕ್ಬರ್ ಗೋಲು ಹೊಡೆದರು. 1977ರ ಸೆಪ್ಟೆಂಬರ್ 24ರಂದು ಪೆಲೆ ಇದ್ದ ಕಾಸ್ಮಸ್ ತಂಡದ ಎದುರು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಗಾನ್ 2-2ರ ಸಮ ಮಾಡಿಕೊಂಡಾಗ ಗೋಲು ಹೊಡೆದವರು ಶ್ಯಾಮ್ ಥಾಪಾ ಮತ್ತು ಹಬೀಬ್. ನಿನ್ನೆ ತಮ್ಮ ಕಣ್ಮಣಿಯಾಗಿದ್ದವರು ಇಂದು ತಮ್ಮನ್ನೇ ಸೋಲಿಸಲು ದುಡಿಯುವುದನ್ನು ಈಸ್ಟ್ ಬೆಂಗಾಲಿನವರು ನೋಡಬೇಕಾಯಿತು. ಮುಂದೆ ಅದೇ ಸರದಿ ಮೋಹನ್ ಬಗಾನಿನವರಿಗೂ ಬಂತು. ಫಿಗೊಗೆ ಬಂದ ಗತಿ ಬರಲು ಬೇಕಾದದ್ದೆಲ್ಲ ಇಲ್ಲಿತ್ತು. ಆದರೂ 2023ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಹಬೀಬ್ ತೀರಿಕೊಂಡಾಗ ಮೂರೂ ತಂಡಗಳವರು ಅವರನ್ನು ತಮ್ಮವರೆಂದೇ ನೆನೆದರು. ಅವರು ಯಾವ ಅಂಗಿಯಲ್ಲಿದ್ದರೂ ಅದಕ್ಕಾಗಿ ಪೂರ್ತಿ ಬೆವರಿದರೆಂಬುದನ್ನು ಎದುರಿಗೆ ಕುಳಿತವನೂ ಒಪ್ಪಿದ್ದ. ಇದನ್ನು ಮೆಚ್ಚುಗೆ ಎನ್ನಬಹುದು.

ಕೊಲ್ಕತ್ತಾವನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. 1980ನೇ ವರ್ಷವನ್ನೇ ನೋಡಿ. ಆ ವರ್ಷ ಸುರಜಿತ್ ಸೇನ್‌ಗುಪ್ತ, ಭಾಸ್ಕರ್ ಗಂಗೂಲಿ ಮೊದಲಾದ ತಾರೆಗಳು ಈಸ್ಟ್ ಬೆಂಗಾಲನ್ನು ಬಿಟ್ಟು ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದರು. ಬರಿದಾದ ಈಸ್ಟ್ ಬೆಂಗಾಲನ್ನು ಹಿಡಿದು ನಿಲ್ಲಿಸಿದವರು ಮತ್ತೆ ಮರಳಿ ಬಂದ ಹಬೀಬ್ ಮತ್ತು ಅಲಿಗಢದಲ್ಲಿ ಓದಲು ಬಂದಿದ್ದ ಇರಾನಿನ ಇಬ್ಬರು ಯುವಕರು, ಮಜೀದ್ ಬಿಶ್ಕರ್ ಮತ್ತು ಜಮ್ಶೀದ್ ನಾಸಿರಿ. 'ಮುಸ್ಲಿಂ ತಂಡ'ಕ್ಕೆ ಹಿಂದೂ ತಾರೆಗಳು, ಹಿಂದೂ ನಿರಾಶ್ರಿತರ ತಂಡಕ್ಕೆ ಮುಸ್ಲಿಂ ತಾರೆಗಳು! ಯಾವ ಕೋಮುವಾದಿಯ ಲೆಕ್ಕಕ್ಕೂ ಸಿಗದ ವರ್ಷವದು. ಆದರೆ ಅದೇ ವರ್ಷದ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಇಬ್ಬರು ಆಟಗಾರರ ಜಗಳ ಗ್ಯಾಲರಿಗೆ ಹಬ್ಬಿ, ಹೊಡೆದಾಟ ನೂಕುನುಗ್ಗಲಾಗಿ 16 ಮಂದಿ ಸತ್ತರು. ಅಂಗಳದಲ್ಲಿ ಗೋಡೆಗಳು ಬಿದ್ದಿದ್ದವು, ಗ್ಯಾಲರಿಯಲ್ಲಿ ನಿಂತೇ ಇದ್ದವು.

ಇಲ್ಲೇ ನಮ್ಮ ಮೆಚ್ಚುಗೆಯ ಒಂದು ಹುಳುಕನ್ನು ಎತ್ತಿ ತೋರಿಸಬೇಕು. ಎದುರಾಳಿಯಲ್ಲಿ ಒಬ್ಬನನ್ನು ಹೊಗಳುವಾಗ ನಾವು ಅನೇಕ ಸಲ "ಇವನು ಅವರಂತಲ್ಲ" ಎಂದು ಸೇರಿಸುತ್ತೇವೆ. ಒಬ್ಬನನ್ನು ಎತ್ತಿ, ಅವನ ಇಡೀ ಬಳಗವನ್ನು ತುಳಿಯುವ ಹೊಗಳಿಕೆ ಇದು. ಹಬೀಬ್ ಒಳ್ಳೆಯವರು, ಆದರೆ ಅವರ ಮೊಹಲ್ಲಾದವರನ್ನು ನಂಬಬೇಡಿ ಎಂದಂತೆ. ಇದರಲ್ಲಿ ಆಟಗಾರನಿಗೆ ಗೌರವವಿಲ್ಲ. ಅವನು ತನ್ನವರಿಂದ ದೂರವಾದಷ್ಟೂ ಅವನಿಗೆ ಬೆಲೆ, ಅದೂ ಗೆಲ್ಲುವವರೆಗೆ ಮಾತ್ರ. 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಮೆಸುಟ್ ಓಝಿಲ್ 2018ರಲ್ಲಿ ರಾಷ್ಟ್ರೀಯ ತಂಡವನ್ನು ತೊರೆಯುವಾಗ ಇದನ್ನೇ ಹೇಳಿದ. ಗೆದ್ದರೆ ತಾನು ಜರ್ಮನ್, ಸೋತರೆ ವಲಸಿಗ ಎಂಬುದು ಆತನ ಅಳಲಾಗಿತ್ತು.

ಇನ್ನೂ ಕಟುವಾದ ಪ್ರಶ್ನೆಯೊಂದಿದೆ. ಎದುರಾಳಿಗೆ ಚಪ್ಪಾಳೆ ತಟ್ಟುವ ಹಕ್ಕು ಎಲ್ಲರಿಗೂ ಸಮಾನವಾಗಿದೆಯೇ? ಫುಟ್ಬಾಲ್ ಬಿಟ್ಟು ನಮ್ಮ ಜನಪ್ರಿಯ ಆಟ ಕ್ರಿಕೆಟ್ಟಿಗೆ ಬನ್ನಿ. 1999ರ ಜನವರಿ 31ರಂದು ಚೆನ್ನೈಯಲ್ಲಿ ಪಾಕಿಸ್ತಾನ 12 ರನ್ನುಗಳಿಂದ ಟೆಸ್ಟ್ ಗೆದ್ದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ದೇಶ ಅದನ್ನು ಚೆನ್ನೈಯ ದೊಡ್ಡಸ್ತಿಕೆ ಎಂದು ಕೊಂಡಾಡಿತು, ಸರಿಯಾಗಿಯೇ ಕೊಂಡಾಡಿತು. 2017ರ ಜೂನಿನಲ್ಲಿ ಪಾಕಿಸ್ತಾನ ಚಾಂಪಿಯನ್ಸ್ ಟ್ರೋಫಿ ಗೆದ್ದಾಗ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಂಭ್ರಮಿಸಿದರೆಂಬ ಆರೋಪದ ಮೇಲೆ ಮುಸ್ಲಿಮರನ್ನು ಬಂಧಿಸಿ ಮೊದಲು ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. 2023ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಒಬ್ಬನ ಚಪ್ಪಾಳೆ ಔದಾರ್ಯ, ಇನ್ನೊಬ್ಬನದು ದ್ರೋಹ. ಮೆಚ್ಚುವವನ ಹೆಸರು ಕೇಳಿ ಮೆಚ್ಚುಗೆಯ ಬೆಲೆ ಕಟ್ಟುವ ಸಮಾಜದಲ್ಲಿ ಆಟವೂ ಉಳಿಯದು, ನ್ಯಾಯವೂ ಉಳಿಯದು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇಡೀ ಗ್ಯಾಲರಿ ಭಾರತವನ್ನು ಮೂದಲಿಸುತ್ತಿದ್ದಾಗ, ಫುಟ್ಬಾಲ್ ಫೈನಲಿನಲ್ಲಿ ನಮ್ಮವರನ್ನು ಹುರಿದುಂಬಿಸಿದವರು ಪಾಕಿಸ್ತಾನದ ಹಾಕಿ ಆಟಗಾರರೆಂದು ಆ ತಂಡದ ಪಿ.ಕೆ. ಬ್ಯಾನರ್ಜಿ ನೆನೆಯುತ್ತಿದ್ದರು. ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಹಾಕಿ ಆಟಗಾರರನ್ನು ಯಾರು ದ್ರೋಹಿಗಳೆಂದಾರು?

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ವಿಶ್ವಕಪ್ ಬಂದರೆ ನಮ್ಮ ಕರಾವಳಿಯಲ್ಲೂ ಫ್ಲೆಕ್ಸುಗಳು ಏಳುತ್ತವೆ. ಝಿದಾನ್, ಸಲಾಹ್ ನಮಗೆ ಪ್ರಿಯರು. ಆದರೆ ಗೋಲು ಹೊಡೆದು ಸುಜೂದ್ ಮಾಡಿದ ಎಂಬ ಒಂದೇ ಕಾರಣಕ್ಕೆ ಒಬ್ಬನ ಆಟ ನಮಗೆ ಹಿಡಿಸಿದರೆ ಅದು ಆಟದ ಮೆಚ್ಚುಗೆಯಾಗುವುದಿಲ್ಲ. ಅದು ನಮ್ಮನ್ನು ನಾವೇ ಹೊಗಳಿಕೊಳ್ಳುವ ಇನ್ನೊಂದು ದಾರಿ. ದ್ವೇಷವಿದ್ದವರ ವಿಷಯದಲ್ಲೂ ನ್ಯಾಯ ತಪ್ಪಬಾರದು, ಸಾಕ್ಷ್ಯ ತನ್ನ ವಿರುದ್ಧವೇ ಹೋದರೂ ಸತ್ಯ ನುಡಿಯಬೇಕು ಎಂಬ ಕುರ್‌ಆನಿನ ಆದೇಶವನ್ನು ನಾವು ನ್ಯಾಯಾಲಯದ ಕಟಕಟೆಗೆ ಮಾತ್ರ ಮೀಸಲಿಟ್ಟಿದ್ದೇವೆ. ನಮ್ಮ ತಂಡವನ್ನು ಸೋಲಿಸಿದವನನ್ನು "ಚೆನ್ನಾಗಿ ಆಡಿದ" ಎನ್ನುವುದೂ ಒಂದು ಸಾಕ್ಷ್ಯವೇ. ಅದರಿಂದ ನಮಗೆ ಯಾವ ಲಾಭವೂ ಇಲ್ಲವಾದ್ದರಿಂದಲೇ ಅದಕ್ಕೆ ಬೆಲೆ. ಮೈದಾನದಂಥ ಸಣ್ಣ ವಿಷಯದಲ್ಲಿ ಈ ಸಾಕ್ಷ್ಯ ನುಡಿಯಲು ಕಲಿಯದವನು ಗಲಭೆಯ ದಿನ, ಚುನಾವಣೆಯ ದಿನ ಹೇಗೆ ನುಡಿದಾನು?

2024ರ ಆಗಸ್ಟಿನಲ್ಲಿ ಕೊಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ನಗರ ಬೀದಿಗಿಳಿಯಿತು. ಆಗಸ್ಟ್ 18ರಂದು ನಡೆಯಬೇಕಿದ್ದ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಪಂದ್ಯವನ್ನು ಭದ್ರತೆಯ ಕಾರಣ ನೀಡಿ ರದ್ದು ಮಾಡಲಾಯಿತು. ಆ ಸಂಜೆ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಎರಡೂ ತಂಡಗಳ ಅಭಿಮಾನಿಗಳು ನ್ಯಾಯ ಬೇಕೆಂದು ಒಟ್ಟಿಗೆ ಕೂಗಿದರು. ಮೊಹಮ್ಮಡನ್ ಸ್ಪೋರ್ಟಿಂಗಿನವರೂ ಅವರೊಂದಿಗೆ ನಿಂತರು. ಪೊಲೀಸರ ಲಾಠಿ ಅಂಗಿಯ ಬಣ್ಣ ನೋಡದೆ ಬೀಸಿತು. ಅವರಲ್ಲಿ ಯಾರೂ ತಮ್ಮ ತಂಡವನ್ನು ಬಿಟ್ಟುಕೊಟ್ಟಿರಲಿಲ್ಲ, ತಮ್ಮ ತಮ್ಮ ಬಣ್ಣದ ಅಂಗಿ ತೊಟ್ಟೇ ಬಂದಿದ್ದರು. ಎದುರಾಳಿಯನ್ನು ಮೆಚ್ಚಲು ನಮ್ಮ ತಂಡವನ್ನು ತೊರೆಯಬೇಕಾಗಿಲ್ಲ, ನಮ್ಮ ಧರ್ಮವನ್ನಾಗಲಿ ದೇಶವನ್ನಾಗಲಿ ತೊರೆಯಬೇಕಾಗಿಲ್ಲ. ಅವನೂ ನಮ್ಮಂತೆಯೇ ಒಂದು ತಂಡಕ್ಕಾಗಿ ಬೆವರುತ್ತಿದ್ದಾನೆ ಎಂಬುದನ್ನು ಒಪ್ಪಿಕೊಂಡರೆ ಸಾಕು.